ಗುರಿಕಾರರು ಹಚ್ಚದ ದೀಪ

ಎರಡನೆಯ ಕಲ್ಲು ಕಾರಿನ ಮುಂದಿನ ಗಾಜನ್ನು ಒಡೆದು ಆಂಟನಿಯವರ ಹಣೆಗೆ ಬಡಿಯಿತು.

ಮೊದಲನೆಯದು ನನಗೆಂದೇ ಬಂದದ್ದು, ಗುರಿ ತಪ್ಪಿ ಬಾಗಿಲಿಗೆ ತಗಲಿತ್ತು. ಎರಡನೆಯದನ್ನು ಎಸೆದವನ ಕೈ ಪಳಗಿದ ಕೈ. ಆಂಟನಿ ಸ್ಟೇರಿಂಗಿನ ಮೇಲೆ ಕವುಚಿಬಿದ್ದರು. ಅವರ ಎದೆಯ ಭಾರಕ್ಕೆ ಹಾರನ್ ಒಂದೇ ಸಮನೆ ಅರಚತೊಡಗಿತು.

ಹಳೆಯ ಗೋದಾಮಿನ ಮರೆಯಿಂದ ಮೂವರು ಆಳುಗಳು ದೋಣಿಯ ಹುಟ್ಟು ಹಿಡಿದುಕೊಂಡು ಓಡಿಬಂದರು. ಒಬ್ಬ ಆಂಟನಿಯವರ ಕಾಲರ್ ಹಿಡಿದು ನೆಲಕ್ಕೆಳೆದ. ಉಳಿದಿಬ್ಬರು ಬೆನ್ನಿಗೂ ಪಕ್ಕೆಗೂ ಬಡಿಯತೊಡಗಿದರು. ಅವರಿಗೆ ಸಿಟ್ಟಿರಲಿಲ್ಲ, ಒಪ್ಪಿಸಿದ ಕೆಲಸ ಮಾಡುವವರ ಹಾಗೆ ಬಡಿಯುತ್ತಿದ್ದರು. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ನಾನು ಉಡುಪಿ ಕೋರ್ಟಿನ ವಕೀಲೆ ಸುಭಾಷಿಣಿ. ಬಾಯೇ ನನ್ನ ಆಯುಧ ಎಂದು ಜೊತೆಯ ವಕೀಲರು ಹಾಸ್ಯ ಮಾಡುವುದುಂಟು. ಆ ಹೊತ್ತಿಗೆ ಬಾಯಿ ಉಪಯೋಗಕ್ಕೆ ಬರಲಿಲ್ಲ. ಬಿಸಿಲಿಗೆಂದು ತಂದಿದ್ದ ಕೊಡೆಯ ತುದಿಯನ್ನು ಹತ್ತಿರದವನ ಪಕ್ಕೆಗೆ ತಿವಿದೆ. ಅವನು ತಿರುಗಿ ನನ್ನ ಕೆನ್ನೆಗೆ ಬಾರಿಸಿದ. ಕಣ್ಣು ಕತ್ತಲಿಟ್ಟು ಬಾಯಿ ತುಂಬ ರಕ್ತದ ರುಚಿ ಬಂತು.

ಅಷ್ಟರಲ್ಲಿ ಆಂಟನಿ ಸೀಟಿನ ಅಡಿಯಿಂದ ಜಾಕಿನ ಸರಳು ಎಳೆದುಕೊಂಡಿದ್ದರು. ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾಗಿ ಈಗ ಬಾಡಿಗೆ ಕಾರು ಓಡಿಸುವ ಮನುಷ್ಯ. ಎಲ್ಲಿಗೆ ಹೊಡೆದರೆ ಎದ್ದು ನಿಲ್ಲಲಾಗದು ಎಂಬುದು ಅವರಿಗೆ ಗೊತ್ತು. ಬಿದ್ದಲ್ಲಿಂದಲೇ ಒಬ್ಬನ ಮೊಣಕಾಲಿಗೆ ಬೀಸಿದರು. ತೆಂಗಿನ ಒಣ ಮಡಲು ಮುರಿದ ಹಾಗೆ ಸದ್ದಾಯಿತು. ಉಳಿದಿಬ್ಬರು ಅವನನ್ನು ಹೆಗಲಿಗೆ ಹಾಕಿಕೊಂಡು ಗೋದಾಮಿನ ಹಿಂದಕ್ಕೆ ಮರೆಯಾದರು. ಹೋಗುವಾಗ ಒಬ್ಬ, ಗುರಿಕಾರರ ಊರಿಗೆ ಕೇಳದೆ ಬಂದರೆ ಹೀಗೇ ಎಂದು ಹೇಳಿ ಹೋದ.

ನಾನು ಆಂಟನಿಯವರ ಹಣೆಗೆ ಅವರದೇ ಬೈರಾಸು ಬಿಗಿದು ಕಟ್ಟಿದೆ. ವಾಪಸು ಹೋಗೋಣವೇ ಎಂದು ಕೇಳಿದ್ದಕ್ಕೆ ಅವರು ಒಡೆದ ಗಾಜನ್ನು ನೋಡಿ, ಬಾಡಿಗೆ ಇನ್ನೂ ಮುಗಿಯಲಿಲ್ಲವಲ್ಲ ಎಂದರು.

ವಾಪಸು ಹೋಗುವ ಹಾಗಿರಲಿಲ್ಲ. ವಾಸುವನ್ನು ಕೊಂದವನು ನಾನೇ ಎಂದು ನಾಳೆ ಬೆಳಗ್ಗೆ ಕಿಟ್ಟ ಮ್ಯಾಜಿಸ್ಟ್ರೇಟರ ಎದುರು ಹೇಳಿಕೆ ಕೊಡುವವನಿದ್ದ. ಕಿಟ್ಟ ನನ್ನ ಕಕ್ಷಿದಾರ, ಈ ಹೊಳೆಯ ದೋಣಿಯವನು. ಆ ದಿನ ಬೆಳಗ್ಗೆ ಲಾಕಪ್ಪಿನಲ್ಲಿ ಅವನನ್ನು ನೋಡಿ ಬಂದಿದ್ದೆ. ಬಲಗೈಯ ಎರಡು ಬೆರಳುಗಳಲ್ಲಿ ಉಗುರಿರಲಿಲ್ಲ. ಅಂಗಾಲು ಊದಿ ನೆಲಕ್ಕೆ ಊರಲು ಆಗುತ್ತಿರಲಿಲ್ಲ. ನಾನು ಧೈರ್ಯ ಹೇಳಹೋದರೆ ಅವನೇ ನನ್ನನ್ನು ಸಮಾಧಾನ ಮಾಡಿದ.

"ಒಪ್ಪಿಕೊಳ್ಳುತ್ತೇನೆ ಅಮ್ಮ. ಇನ್ನೊಂದು ರಾತ್ರಿ ನನ್ನಿಂದ ಆಗುವುದಿಲ್ಲ."

ಹಾಗೆ ಒಪ್ಪಿಕೊಂಡರೆ ಕಿಟ್ಟನಿಗೆ ನೇಣಿನ ಹಗ್ಗವೇ ಗತಿ. ನನ್ನ ಕೈಯಲ್ಲಿದ್ದದ್ದು ಆ ಒಂದು ಮಧ್ಯಾಹ್ನ, ಒಂದು ಸಂಜೆ.

ಕಾರಿನ ಹಿಂದಿನ ಸೀಟಿನಿಂದ ಬಾಳೆಎಲೆಯ ಪೊಟ್ಟಣವೊಂದನ್ನು ತೆಗೆದು, ಗಾಜಿನ ಚೂರು ಕೊಡವಿ ಚೀಲಕ್ಕೆ ಹಾಕಿಕೊಂಡೆ. ಅದರಲ್ಲಿ ಒಂದು ಅಟ್ಟೆ, ಎಂದರೆ ನಾಲ್ಕು ಚೆಂಡು ಕಟ್ಟಿದ ಮಲ್ಲಿಗೆ ಇತ್ತು. ಬೆಳಗ್ಗೆ ಅದನ್ನು ಕಟ್ಟಿ ಕೊಟ್ಟವಳು ವಾರಿಜಾ, ಸತ್ತ ವಾಸುವಿನ ತಾಯಿ.

ಮಗನ ಕಾಗದ ನಿಂತುಹೋಯಿತೆಂದು ಬೊಂಬಾಯಿಯಿಂದ ಬಸ್ಸು ಹತ್ತಿ ಬಂದಿದ್ದ ಹೆಂಗಸು ಅವಳು. ಮಗನನ್ನು ಹುಡುಕುತ್ತ ಕೋರ್ಟಿನವರೆಗೆ ಬಂದು, ಬನ್ನಂಜೆಯ ನನ್ನ ಆಫೀಸಿನ ಬೆಂಚಿನ ಮೇಲೆ ಕುಳಿತಾಗಲೇ ಅವಳಿಗೆ ಮಗನ ಸಾವಿನ ಸುದ್ದಿ ತಿಳಿದದ್ದು. ಅವಳು ಬದುಕಿದ್ದಾಳೆಂದು ಗುರಿಕಾರರಿಗೆ ಗೊತ್ತಾದರೆ ಅವಳ ಜೀವಕ್ಕೂ ಅಪಾಯ ಎಂದು ಅವಳನ್ನು ಶಂಕರಪುರದ ಒಲಿಂಡಾಬಾಯಿಯ ಮನೆಯಲ್ಲಿ ಇರಿಸಿದ್ದೆ. ಅಲ್ಲಿ ಜಗಲಿ ತುಂಬ ಹೆಂಗಸರು ಕುಳಿತು ಮಲ್ಲಿಗೆ ಕಟ್ಟುತ್ತಾರೆ. ಇನ್ನೊಬ್ಬಳು ಹೆಚ್ಚಾದರೆ ಯಾರೂ ಯಾಕೆಂದು ಕೇಳುವುದಿಲ್ಲ. ಈ ಗುಟ್ಟು ತಿಳಿದಿದ್ದವರು ನಾನು, ಆಂಟನಿ ಮತ್ತು ಒಲಿಂಡಾಬಾಯಿ ಮಾತ್ರ.

ಮಗನ ಸೂತಕದ ಸ್ನಾನ ನಿನ್ನೆಗೆ ಮುಗಿಯಿತು, ಇವತ್ತು ಈ ತಿಂಗಳ ಸಂಕ್ರಮಣ, ಇನ್ನು ನಾನು ಹೂ ಮುಟ್ಟಬಹುದು ಎಂದು ವಾರಿಜಾ ಬೆಳಗ್ಗೆ ಹೇಳಿದ್ದಳು. ಹುಟ್ಟಿದ ಮನೆಯ ದೈವಕ್ಕೆ ಇದನ್ನು ಮುಟ್ಟಿಸಿ, ಯಾರು ಕೊಟ್ಟದ್ದೆಂದು ಹೇಳಬೇಡಿ ಎಂದು ಪೊಟ್ಟಣವನ್ನು ಎರಡೂ ಕೈಯಲ್ಲಿ ಕೊಟ್ಟಿದ್ದಳು. ಆ ಮಾತಿನಲ್ಲೇ ನನಗೆ ಬೇಕಾದ ಉತ್ತರವಿತ್ತು. ನಾನು ತಲೆಯಾಡಿಸಿ ಕಾರು ಹತ್ತಿದ್ದೆ.

ಉಡುಪಿಯವರು ತಮ್ಮ ಪಟ್ಟಣ ರಥಬೀದಿಯಿಂದ ಶುರುವಾಯಿತೆಂದು ನಂಬಿದ್ದಾರೆ. ನಾನೂ ಆ ಬೀದಿಯ ಸುತ್ತಿನಲ್ಲೇ ಹುಟ್ಟಿದವಳು, ಹಾಗೆಯೇ ನಂಬಿದ್ದೆ. ಆದರೆ ಆ ಬೀದಿಯವರು ಉಂಡ ಅಕ್ಕಿ, ಉರಿಸಿದ ಎಣ್ಣೆ, ಮಾಡಿಗೆ ಹೊದೆಸಿದ ಹಂಚು ಎಲ್ಲ ಬಂದದ್ದು ಈ ಹೊಳೆಬದಿಯ ಪಡುದಕ್ಕೆಯಿಂದ. ದಕ್ಕೆ ಎಂದರೆ ದೋಣಿ ಕಟ್ಟುವ ಕಲ್ಲಿನ ಕಟ್ಟೆ. ಮಲಬಾರಿನಿಂದ, ಗೋವೆಯಿಂದ ಹಾಯಿ ಕಟ್ಟಿದ ಮಂಜಿಗಳು ಸರಕು ಹೊತ್ತು, ಹೊಳೆ ಕಡಲು ಸೇರುವ ಅಳಿವೆ ದಾಟಿ ಇಲ್ಲಿಯ ಕಲ್ಲಿಗೆ ಹಗ್ಗ ಬಿಗಿಯುತ್ತಿದ್ದವು. ಕೊಂಕಣಿ ಸಾಹುಕಾರರ ಗೋದಾಮು, ಹಂಚಿನ ಕಾರ್ಖಾನೆಯ ಚಿಮಣಿ, ಒಂದು ಬದಿ ಕ್ರಿಸ್ತರ ಕೇರಿ, ಇನ್ನೊಂದು ಬದಿ ಮೊಗವೀರರ ಕೇರಿ, ನಡುವೆ ದೈವಸ್ಥಾನ.

ದೈವಸ್ಥಾನದ ದೀಪ ಹೊಳೆಗೆ ಮುಖ ಮಾಡಿ ಉರಿಯುತ್ತದೆ. ಆ ದೀಪ ಕಂಡ ಮೇಲೆಯೇ ಮಂಜಿಯವರು ಅಳಿವೆಯೊಳಕ್ಕೆ ತಿರುಗುತ್ತಿದ್ದರಂತೆ. ದಿನವೂ ಸಂಜೆ ಅದನ್ನು ಹಚ್ಚುವ ಹಕ್ಕು ದಕ್ಕೆಮನೆಯ ಯಜಮಾನನದು, ಅವನೇ ಊರಿನ ಗುರಿಕಾರ. ಅಳಿವೆಯ ಬಾಯಿಗೆ ಮರಳು ತುಂಬಿತು, ವ್ಯಾಪಾರ ಮಲ್ಪೆಗೆ ಹೋಯಿತು, ಗೋದಾಮುಗಳ ಮಾಡು ಕುಸಿಯಿತು. ಹಕ್ಕು ಮಾತ್ರ ಎಲ್ಲಿಗೂ ಹೋಗಲಿಲ್ಲ. ಸಂಜೆ ದೀಪ ಯಾರು ಹಚ್ಚಿದರೆಂದು ಜನ ಈಗಲೂ ಆಚೆದಡದಿಂದ ಕಣ್ಣಿಟ್ಟು ನೋಡುತ್ತಾರೆ.

ಈ ಸತ್ತ ಊರಿಗೆ ಈಗ ಮತ್ತೆ ಬೆಲೆ ಬಂದಿತ್ತು. ದೊಡ್ಡ ಬಲೆಯ ಪರ್ಸಿನ್ ಬೋಟುಗಳು ಬಂದ ಮೇಲೆ ರಾಶಿ ಬೀಳುವ ಮೀನನ್ನು ಹುಡಿ ಮಾಡುವ ಕಾರ್ಖಾನೆಗೆ ಹೊಳೆಬದಿಯ ಜಾಗ ಬೇಕಿತ್ತು. ಈಗಿನ ಗುರಿಕಾರ ದಾಮೋದರ ದಕ್ಕೆಯನ್ನು ಮಾರಲು ಮಾತು ಕೊಟ್ಟಿದ್ದರು. ಆದರೆ ದಕ್ಕೆಮನೆ ಅಳಿಯಸಂತಾನದ ಮನೆ. ಆಸ್ತಿ ಹೆಣ್ಣಿನ ಕಡೆಗೆ ಇಳಿಯುತ್ತದೆ, ಗಂಡಸು ಅದನ್ನು ನೋಡಿಕೊಳ್ಳುವವನು ಅಷ್ಟೆ. ಒಬ್ಬಳೇ ತಂಗಿ ವಾರಿಜಾ ಬೊಂಬಾಯಿಯಲ್ಲಿ ಮಕ್ಕಳಿಲ್ಲದೆ ಸತ್ತಳೆಂದು ದಾಮೋದರ ಎಲ್ಲರಿಗೂ ಹೇಳಿಕೊಂಡು ಬಂದಿದ್ದರು. ಹೋದ ವರ್ಷದ ಕೊನೆಗೆ ವಾಸು ಬಂದು ನಾನು ವಾರಿಜಾಳ ಮಗ ಎಂದಾಗ, ಇವನು ಯಾರೋ ಬೊಂಬಾಯಿಯ ಪೋಕರಿ ಎಂದು ಕೋರ್ಟಿನಲ್ಲೇ ಪ್ರಮಾಣ ಮಾಡಿ ನುಡಿದರು.

ಮಕರ ಸಂಕ್ರಮಣದ ಮಧ್ಯಾಹ್ನ ವಾಸು ದಕ್ಕೆಯ ಕಡೆ ನಡೆದು ಹೋದದ್ದನ್ನು ಕೆಲವರು ಕಂಡಿದ್ದರು. ಆಮೇಲೆ ಅವನು ಕಾಣಲಿಲ್ಲ. ಬೊಂಬಾಯಿಗೆ ಓಡಿಹೋದ ಎಂದು ಗುರಿಕಾರರ ಕಡೆಯವರು ನಕ್ಕರು. ವಾರಗಳು ಕಳೆದ ಮೇಲೆ ಅವನ ಹೆಣ ಸಿಕ್ಕಿದ್ದು ಕಿಟ್ಟನ ಮನೆಯವರ ಸಿಪ್ಪೆಗುಂಡಿಯಲ್ಲಿ.

ನಾನು ಹೋದಾಗ ಕಿಟ್ಟನ ತಂಗಿ ಸುಂದರಿ ಗುಂಡಿಯ ಹತ್ತಿರವೇ ಕುಳಿತಿದ್ದಳು. ತೆಂಗಿನ ಸಿಪ್ಪೆಯನ್ನು ಕಟ್ಟು ಕಟ್ಟಿ, ಮೇಲೆ ಕೆಂಪು ಮುರಕಲ್ಲು ಹೇರಿ ಹೊಳೆಬದಿಯ ಕೆಸರಿನಲ್ಲಿ ತಿಂಗಳುಗಟ್ಟಲೆ ಕೊಳೆಹಾಕುತ್ತಾರೆ. ಕೊಳೆತ ಮೇಲೆ ತೆಗೆದು ಬಡಿದು ನಾರು ಬಿಡಿಸಿ ಹಗ್ಗ ಹೊಸೆಯುತ್ತಾರೆ. ಆ ನಾತದಲ್ಲಿ ಇನ್ನೊಂದು ನಾತ ಗೊತ್ತಾಗುವುದಿಲ್ಲ. ಹೆಣ ಹಾಕಿದವನು ಅಷ್ಟು ತಿಳಿದೇ ಹಾಕಿದ್ದ.

ಸುಂದರಿ ಮತ್ತೊಮ್ಮೆ ಎಲ್ಲ ಹೇಳಿದಳು. ಸಿಪ್ಪೆಯ ಕಟ್ಟೆಂದು ಅವಳು ಹಿಡಿದು ಎಳೆದದ್ದು ಕೂದಲು. ಕೂದಲು ಕೈಯಲ್ಲೇ ಬಂತು, ಆಮೇಲೆ ತಲೆ ಮೇಲೆ ಬಂತು. ಹಿಂಭಾಗ ಒಡೆದ ತೆಂಗಿನಕಾಯಿಯ ಹಾಗೆ ಒಳಕ್ಕೆ ಹೋಗಿತ್ತು. ಅವಳು ಈಗ ಅನ್ನ ಉಣ್ಣಲು ಕೂತರೂ ಬೆರಳಿಗೆ ಕೂದಲು ಸುತ್ತಿದ ಹಾಗೆ ಆಗುತ್ತದಂತೆ. ಪೊಲೀಸರಿಗೆ ಬೇರೇನೂ ಬೇಕಾಗಲಿಲ್ಲ. ಗುಂಡಿ ಕಿಟ್ಟನದು, ಸಾರಾಯಿ ಗಡಂಗಿನಲ್ಲಿ ವಾಸು ಅವನ ಹಲ್ಲು ಮುರಿದದ್ದನ್ನು ಊರೇ ನೋಡಿತ್ತು.

ಹೆಣದ ಸೊಂಟಕ್ಕೆ ಕಟ್ಟಿದ್ದ ಕಲ್ಲು ಯಾವುದು ಎಂದು ನಾನು ಕೇಳಿದೆ. ಅದೊಂದೇ ಬೇರೆ, ಕಾರ್ಕಳದ ಕರಿಕಲ್ಲು, ನಮ್ಮಲ್ಲಿ ಅಂಥದ್ದಿಲ್ಲ ಎಂದಳು. ಪೊಲೀಸರಿಗೆ ಕಲ್ಲೆಂದರೆ ಕಲ್ಲು, ಬಣ್ಣ ಯಾರು ನೋಡುತ್ತಾರೆ?

ಎದ್ದು ಹೊರಟ ನನ್ನನ್ನು ಸುಂದರಿ ಕರೆದು ಇನ್ನೊಂದು ಮಾತು ಹೇಳಿದಳು. ಅದಕ್ಕೆ ಅಷ್ಟು ಬೆಲೆಯಿದೆ ಎಂದು ಅವಳಿಗೆ ಅನ್ನಿಸಿರಲಿಲ್ಲ.

"ಆ ಮಕರ ಸಂಕ್ರಮಣದ ಸಂಜೆ ದೀಪ ಹಚ್ಚಿದ್ದು ದೈವಸ್ಥಾನದ ಕೆಲಸದ ದೂಮ ಪೂಜಾರಿ ಅಮ್ಮ. ಗುರಿಕಾರರ ಬಲಗೈಗೆ ಬಟ್ಟೆ ಸುತ್ತಿತ್ತು. ಲಂಗರಿನ ಹಗ್ಗ ಎಳೆದು ಎಲುಬು ಕಾಣುವಷ್ಟು ಗಾಯ ಆಗಿದೆ ಅಂತ ಹೇಳಿದರು. ಸುಮಾರು ದಿನ ಹಾಗೆಯೇ ಇತ್ತು. ಹೆಣ ಸಿಗುವುದಕ್ಕೆ ಸ್ವಲ್ಪ ಮುಂಚೆ ಬಟ್ಟೆ ಬಿಚ್ಚಿ ಪುನಃ ಅವರೇ ಹಚ್ಚಲಿಕ್ಕೆ ಶುರು ಮಾಡಿದರು."

ಗಾಯ! ವಾಸು ಗಟ್ಟಿಮುಟ್ಟಾದ ಆಳು, ಸುಮ್ಮನೆ ಸತ್ತಿರಲಾರ. ಕೊಂದವನ ಕೈಗೆ ಏಟು ಬಿದ್ದೇ ಬಿದ್ದಿರುತ್ತದೆ. ಎಲುಬು ಕಾಣುವಷ್ಟು ಆಳದ ಗಾಯವಾದರೆ ಕಲೆ ಉಳಿಯಲೇ ಬೇಕು. ಡಾಕ್ಟರನ್ನು ಕರೆಸಿ ಪರೀಕ್ಷೆ ಮಾಡಿಸಲು ರಾತ್ರಿಯೊಳಗೆ ಅರ್ಜಿ ಬರೆದರೆ ನಾಳೆ ಕಿಟ್ಟನ ಹೇಳಿಕೆ ತಡೆಯಬಹುದು ಎಂದೆಲ್ಲ ಲೆಕ್ಕ ಹಾಕುತ್ತ ಆಂಟನಿಯವರೊಡನೆ ಗುರಿಕಾರರ ಗೋದಾಮಿನತ್ತ ನಡೆದೆ. ಕೆನ್ನೆ ಉರಿಯುತ್ತಿದ್ದದ್ದೂ ಮರೆತುಹೋಗಿತ್ತು.

ದಾಮೋದರ ಗೋದಾಮಿನ ಒಳಗೆ ತೂಕದ ಕಲ್ಲಿನ ಮೇಲೆ ಕುಳಿತು ಕತ್ತಿ ಮಸೆಯುತ್ತಿದ್ದರು. ಅರುವತ್ತು ದಾಟಿದರೂ ಹೆಗಲು ಬಗ್ಗದ ಮನುಷ್ಯ, ಬರಿಮೈ, ಸೊಂಟಕ್ಕೆ ಬಿಳಿ ಮುಂಡು. ಒಳಗಿನ ಮೂಲೆಯಲ್ಲಿ ಆಂಟನಿಯವರಿಂದ ಮೊಣಕಾಲು ಮುರಿಸಿಕೊಂಡ ಆಳು ನರಳುತ್ತಿದ್ದ. ಗುರಿಕಾರರು ಅವನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

"ಬನ್ನಿ ಲಾಯರಮ್ಮ, ಕುಳಿತುಕೊಳ್ಳಿ. ಮುಖಕ್ಕೆ ಎಂತ ಆಯಿತು?"

"ನಿಮ್ಮವರನ್ನೇ ಕೇಳಿ" ಎಂದೆ.

ಕುಳಿತುಕೊಳ್ಳುವ ನೆಪದಲ್ಲಿ ನೆಲ ನೋಡಿದೆ. ಹಿಂದೆ ಅಕ್ಕಿಮೂಟೆಗೆ ತೇವ ತಾಗದಿರಲೆಂದು ಗೋಡೆಯುದ್ದಕ್ಕೂ ಕರಿಕಲ್ಲುಗಳನ್ನು ಸಾಲಾಗಿ ಇಟ್ಟಿದ್ದರು. ಬಾಗಿಲ ಹತ್ತಿರ ಸಾಲಿನಲ್ಲಿ ಒಂದು ಕಲ್ಲು ಇರಲಿಲ್ಲ. ಅದಿದ್ದ ಜಾಗದಲ್ಲಿ ಮಣ್ಣು ಇನ್ನೂ ಕಪ್ಪಗಿತ್ತು. ಬಾಗಿಲಲ್ಲಿ ನಿಂತಿದ್ದ ಆಂಟನಿ ಅದನ್ನು ನನಗಿಂತ ಮೊದಲೇ ನೋಡಿದ್ದರು, ಕಣ್ಣಿನಲ್ಲೇ ತೋರಿಸಿದರು.

ನನಗೆ ಬಲ ಬಂತು. ಸುತ್ತುಬಳಸದೆ, ಮಕರ ಸಂಕ್ರಮಣದ ದಿನ ನಿಮ್ಮ ಬಲಗೈಗೆ ಆದ ಗಾಯ ತೋರಿಸಿ ಎಂದು ಕೇಳಿದೆ.

ದಾಮೋದರ ಗಟ್ಟಿಯಾಗಿ ನಕ್ಕರು. ಇದಕ್ಕಾಗಿಯೇ ಕಾದು ಕುಳಿತವರ ಹಾಗೆ ಕತ್ತಿ ಬದಿಗಿಟ್ಟು, ಬಲಗೈ ಬಿಡಿಸಿ ನನ್ನ ಮುಖದ ಹತ್ತಿರಕ್ಕೆ ತಂದರು. ಸಾಲದೆಂದು ಎಡಗೈಯನ್ನೂ ತೋರಿಸಿದರು. ಹುಟ್ಟು ಹಾಕಿ ದಡ್ಡುಗಟ್ಟಿದ ಅಂಗೈ. ಗಾಯದ ಗುರುತು ಬಿಡಿ, ಒಂದು ಗೀರೂ ಇರಲಿಲ್ಲ.

"ನೋಡಿ. ಡಾಕ್ಟರನ್ನು ಬೇಕಾದರೆ ಕರೆತನ್ನಿ. ಯಾರ ತಲೆ ಒಡೆದ ಕೈ ಇದು, ಹೇಳಿ."

ನನ್ನ ಅರ್ಜಿ, ಪರೀಕ್ಷೆ, ಲೆಕ್ಕಾಚಾರ ಎಲ್ಲ ಅಲ್ಲೇ ನೀರುಪಾಲಾಯಿತು. ಕಿಟ್ಟನ ಊದಿದ ಅಂಗಾಲು ಕಣ್ಣ ಮುಂದೆ ಬಂತು. ಎದ್ದು ಹೋಗೋಣವೆಂದುಕೊಂಡೆ.

ಆದರೆ ಆ ಕೈ ಇನ್ನೂ ನನ್ನ ಮುಖದ ಮುಂದೆಯೇ ಇತ್ತು. ಗಾಯವೇ ಆಗದ ಕೈ. ಗಾಯವಾಗದ ಕೈಗೆ ಅಷ್ಟು ದಿನ ಬಟ್ಟೆ ಸುತ್ತಿಕೊಂಡು ಊರಿಗೆಲ್ಲ ತೋರಿಸಿದ್ದು ಯಾತಕ್ಕೆ? ಆ ದಿನಗಳಲ್ಲಿ ಈ ಮನುಷ್ಯ ಊಟ ಮಾಡಿದ್ದರು, ಊರೊಳಗೆ ಓಡಾಡಿದ್ದರು, ಆಳುಗಳ ಮೇಲೆ ಯಜಮಾನಿಕೆ ನಡೆಸಿದ್ದರು. ಬಿಟ್ಟದ್ದು ಒಂದೇ ಕೆಲಸ.

ನನ್ನ ಅಜ್ಜಿ ತೀರಿಕೊಂಡ ದಿನ ನೆನಪಾಯಿತು. ತಂದೆಯವರು ದೇವಸ್ಥಾನದಲ್ಲಿ ಪೂಜೆಗೆ ನಿಂತಿದ್ದರು, ಸುದ್ದಿ ಅವರಿಗೆ ಇನ್ನೂ ಮುಟ್ಟಿರಲಿಲ್ಲ. ತಿಳಿಯದೆ ಮಾಡಿದ ಪೂಜೆಗೆ ದೋಷವಿಲ್ಲ ಎಂದು ಎಲ್ಲರೂ ಹೇಳಿದರು. ತಿಳಿದ ಗಳಿಗೆಯಿಂದ ಮಾತ್ರ ಅವರು ಗರ್ಭಗುಡಿಯ ಕಡೆ ತಲೆ ಹಾಕಲಿಲ್ಲ. ಈ ಕರಾವಳಿಯಲ್ಲಿ ಯಾವ ಜಾತಿಯವರಾದರೂ ಸರಿ, ಮನೆಯಲ್ಲಿ ಸಾವಾಯಿತೆಂದು ತಿಳಿದವನು ದೇವರ ದೀಪ ಮುಟ್ಟುವುದಿಲ್ಲ. ಬೆಳಗ್ಗೆಯಷ್ಟೆ ವಾರಿಜಾ ಅದನ್ನೇ ಹೇಳಿದ್ದಳು. ನಾನು ವಕೀಲೆಯ ಹಾಗೆ ಗಾಯ ಹುಡುಕುತ್ತ ಬಂದೆ, ದಡ್ಡಿ.

"ಗುರಿಕಾರರೇ, ಹಾಗಾದರೆ ಆ ಸಂಜೆ ದೀಪ ಯಾಕೆ ಮುಟ್ಟಲಿಲ್ಲ?"

ನಗು ನಿಂತಿತು. ಅವರು ಕೈ ಹಿಂದಕ್ಕೆಳೆದುಕೊಂಡರು.

ನಾನು ನಿಧಾನವಾಗಿ ಹೇಳುತ್ತ ಹೋದೆ. ಆ ಸಂಜೆ ಊರಿಗೆ ತಿಳಿದಂತೆ ಪಡುದಕ್ಕೆಯಲ್ಲಿ ಯಾರೂ ಸತ್ತಿರಲಿಲ್ಲ, ಯಾರಿಗೂ ಸಾವಿನ ಸುದ್ದಿ ಬಂದಿರಲಿಲ್ಲ. ವಾಸು ಸತ್ತದ್ದು ಕೊಂದವನಿಗೆ ಮಾತ್ರ ಗೊತ್ತಿತ್ತು. ಕೊಂದವನು ಹೊರಗಿನವನಾಗಿದ್ದರೆ ಅವನಿಗೆ ಸೂತಕವಿಲ್ಲ, ಧಾರಾಳವಾಗಿ ದೀಪ ಹಚ್ಚಬಹುದಿತ್ತು. ಸೂತಕ ಬರುವುದು ಒಂದೇ ಮನೆಯವರಿಗೆ. ಯಾರೋ ಪೋಕರಿ ಎಂದು ಕೋರ್ಟಿನಲ್ಲಿ ದೂರ ಮಾಡಿದ ಹುಡುಗನಿಗಾಗಿ ನೀವು ಸೂತಕ ಕಳೆಯುವಷ್ಟು ದಿನವೂ ಕೈಗೆ ಬಟ್ಟೆ ಸುತ್ತಿಕೊಂಡು ಹೊರಗೆ ನಿಂತಿರಿ. ಮುಗಿದ ಮೇಲೆ ಬಿಚ್ಚಿದಿರಿ. ಹೆಣ ಸಿಗುವ ಮೊದಲೇ ನಿಮ್ಮ ಸೂತಕ ಕಳೆದಿತ್ತು.

ಮೂಲೆಯ ಆಳು ನರಳುವುದನ್ನು ನಿಲ್ಲಿಸಿ ಗುರಿಕಾರರನ್ನೇ ನೋಡುತ್ತಿದ್ದ. ಅವನಿಗೂ ಅರ್ಥವಾಗಿತ್ತು.

ದಾಮೋದರ ಎದ್ದದ್ದು ನನಗೆ ಕಾಣಲೇ ಇಲ್ಲ. ಒಂದು ಕೈ ನನ್ನ ಜಡೆ ಹಿಡಿದು ತಲೆಯನ್ನು ತೂಕದ ಕಲ್ಲಿಗೆ ಅಪ್ಪಳಿಸಿತು. ಇನ್ನೊಂದು ಕೈಯಲ್ಲಿದ್ದ ಕತ್ತಿಯ ಬಾಯಿ ಕುತ್ತಿಗೆಗೆ ಕೂತಿತು. ಆಂಟನಿ ಒಂದು ಹೆಜ್ಜೆ ಇಟ್ಟರು. ಕತ್ತಿ ಚರ್ಮದೊಳಕ್ಕೆ ಇಳಿದು ಬಿಸಿ ರಕ್ತ ಕೋಟಿನ ಕಾಲರಿಗೆ ಹರಿಯಿತು. ಆಂಟನಿ ಅಲ್ಲೇ ನಿಂತರು.

"ಕೋರ್ಟಿನಲ್ಲಿ ಎಂತ ಬೇಕಾದರೂ ಹೇಳಬಹುದು ಅಮ್ಮ" ಎಂದರು ದಾಮೋದರ. ದೈವಸ್ಥಾನದ ದಿಕ್ಕಿಗೆ ಗಲ್ಲ ಎತ್ತಿ ತೋರಿಸಿದರು. "ಅಲ್ಲಿ ಹೇಳಲಿಕ್ಕೆ ಆಗುತ್ತದಾ? ಆ ದೈವದ ಎದುರು ನಿಂತು, ಇವನು ನನ್ನ ಅಳಿಯ ಅಲ್ಲ ಅಂತ ಹೇಗೆ ಹೇಳುವುದು?"

ಅವರ ಉಸಿರು ನನ್ನ ಮುಖಕ್ಕೆ ತಾಗುತ್ತಿತ್ತು. ಆ ಮಾತಿನಲ್ಲಿ ನಾಟಕವಿರಲಿಲ್ಲ. ತಂಗಿಯ ಮಗನ ತಲೆ ಒಡೆದು ಕೆಸರಿನಲ್ಲಿ ಹೂತ ಮನುಷ್ಯ, ಒಂದು ಬತ್ತಿ ಮುಟ್ಟಲು ಹೆದರಿದ್ದ. ನನಗೆ ಅಸಹ್ಯವಾಯಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

"ಸೂತಕವನ್ನು ಸಾಕ್ಷಿಗೆ ಕರೆಯುತ್ತೀರಾ ಲಾಯರಮ್ಮ? ಜಡ್ಜಿಗೆ ಎಂತ ಹೇಳುತ್ತೀರಿ?"

ಅವರು ಹೇಳಿದ್ದು ನಿಜ. ಹಚ್ಚದ ದೀಪವನ್ನು ಯಾವ ಕೋರ್ಟೂ ಸಾಕ್ಷಿಯೆಂದು ಬರೆದುಕೊಳ್ಳುವುದಿಲ್ಲ. ಕುತ್ತಿಗೆಯ ಮೇಲೆ ಕತ್ತಿಯಿದ್ದರೂ ನನ್ನ ನಾಲಿಗೆ ಸುಮ್ಮನಿರಲಿಲ್ಲ. ಇಷ್ಟು ದಿನ ಮುಚ್ಚಿಟ್ಟದ್ದನ್ನು ಎತ್ತಿ ಅವರ ಮುಖಕ್ಕೆ ಎಸೆದೆ.

"ಅವನ ಅಮ್ಮನನ್ನು ಕರೆಯುತ್ತೇನೆ. ವಾರಿಜಾ ಬದುಕಿದ್ದಾಳೆ. ನಾಳೆ ಕೋರ್ಟಿಗೆ ಬರುತ್ತಾಳೆ, ನಿಮ್ಮ ಎದುರೇ ನಿಲ್ಲುತ್ತಾಳೆ. ಆಮೇಲೆ ಆ ಕರಿಕಲ್ಲು ಎಲ್ಲಿಂದ ಹೋಯಿತೆಂದು ನೀವೇ ಹೇಳಬೇಕಾಗುತ್ತದೆ."

ದಾಮೋದರ ಬೆಚ್ಚಲಿಲ್ಲ. ಕತ್ತಿ ಕುತ್ತಿಗೆಯಿಂದ ಸರಿಯಿತು, ಜಡೆ ಹಿಡಿದ ಕೈ ಸಡಿಲವಾಯಿತು. ಕತ್ತಿಯನ್ನು ಮುಂಡಿನ ಅಂಚಿಗೆ ಒರಸಿ ಗೋಡೆಯ ಸಂದಿಗೆ ಸಿಕ್ಕಿಸಿದರು. ಹೆದರಿದ ಎಂದುಕೊಂಡೆ. ಗೆದ್ದೆ ಎಂದೇ ಅಂದುಕೊಂಡೆ.

ಆಂಟನಿ ನನ್ನನ್ನು ಹಿಡಿದು ಎಬ್ಬಿಸಿದರು. ಕರವಸ್ತ್ರ ಕುತ್ತಿಗೆಗೆ ಒತ್ತಿಕೊಂಡು ನಿಂತೆ. ಮನಸ್ಸು ಹಗುರವಾಗಿತ್ತು. ಈಗಲೇ ಶಂಕರಪುರಕ್ಕೆ ಹೋಗಿ ವಾರಿಜಾಳನ್ನು ಕಾರಿಗೆ ಹತ್ತಿಸಿಕೊಳ್ಳೋಣ, ರಾತ್ರಿ ಅವಳು ನನ್ನ ಮನೆಯಲ್ಲೇ ಇರಲಿ, ಬೆಳಗ್ಗೆ ಮ್ಯಾಜಿಸ್ಟ್ರೇಟರ ಬಾಗಿಲಲ್ಲಿ ಕಿಟ್ಟ ಅವಳನ್ನು ಕಂಡರೆ ತಪ್ಪು ಒಪ್ಪಿಕೊಳ್ಳದಿರುವಷ್ಟು ಧೈರ್ಯ ಅವನಿಗೆ ಬರುತ್ತದೆ ಎಂದು ಆಂಟನಿಯವರ ಕಿವಿಯಲ್ಲಿ ಹೇಳಿದೆ.

ಹೊರಗೆ ದೈವಸ್ಥಾನದ ಗಂಟೆ ಬಾರಿಸಿತು. ಕಾಪುವಿನ ಕಡೆ ಸೂರ್ಯ ನೀರಿಗೆ ಇಳಿಯುತ್ತಿದ್ದ. ಹೊಳೆಯ ಮೇಲಿದ್ದ ದೋಣಿಗಳವರು ಹುಟ್ಟು ನಿಲ್ಲಿಸಿ ದಡದತ್ತ ತಿರುಗಿದರು. ಬಲೆ ಹೆಣೆಯುತ್ತಿದ್ದ ಹೆಂಗಸರು ಎದ್ದು ನಿಂತರು. ನನ್ನ ಕಾರಿಗೆ ಕಲ್ಲೆಸೆದವನೂ ಎಲ್ಲಿಂದಲೋ ಬಂದು ಕೈಮುಗಿದು ನಿಂತಿದ್ದ. ಈ ಊರಿನಲ್ಲಿ ರಕ್ತ ಸುರಿಯುತ್ತಿದ್ದರೂ ಆ ಹೊತ್ತಿಗೆ ಕೈಕಾಲು ನಿಲ್ಲುತ್ತದೆ.

ದಾಮೋದರ ದಕ್ಕೆಯ ಮೆಟ್ಟಿಲಿಳಿದು ಹೊಳೆಯಲ್ಲಿ ಕಾಲು ತೊಳೆದುಕೊಂಡು ದೈವಸ್ಥಾನದ ಕಡೆ ನಡೆದರು.

ನನಗೆ ಚೀಲದಲ್ಲಿದ್ದ ಹೂವು ನೆನಪಾಯಿತು. ವಾರಿಜಾಳಿಗೆ ಕೊಟ್ಟ ಮಾತು ಉಳಿಸಿಕೊಂಡು ಹೊರಡೋಣವೆಂದು ಆಂಟನಿಯವರನ್ನು ಕಾರಿನ ಹತ್ತಿರ ಕಳುಹಿಸಿ, ನಾನೂ ಜನರ ನಡುವೆ ಹೋಗಿ ನಿಂತೆ. ಬಾಳೆಎಲೆ ಬಿಚ್ಚಿದರೆ ಮೊಗ್ಗುಗಳು ಆಗಷ್ಟೆ ಬಿರಿಯುತ್ತಿದ್ದವು. ಬಾಳೆನಾರಿನಲ್ಲಿ ಒಂದಕ್ಕೊಂದು ಒತ್ತಿ ಕಟ್ಟಿದ ಹೂವು, ಎಲ್ಲೂ ಸಡಿಲವಿಲ್ಲ. ಮಗನನ್ನು ಕಳೆದುಕೊಂಡವಳ ಕೈ ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿತ್ತು.

ಬಾಗಿಲ ಒಳಗೆ ಬತ್ತಿಗೆ ಬೆಂಕಿ ತಾಗಿತು. ಸಣ್ಣ ಬೆಳಕು ಹೊಳೆಯತ್ತ ತೆರೆದುಕೊಂಡಿತು. ಜನ ತಲೆ ಬಾಗಿಸಿದರು.

ಹಚ್ಚಿದವನ ಮುಖ ಬೆಳಕಿನಲ್ಲಿ ಕಂಡಿತು. ಅವನು ದೂಮ ಪೂಜಾರಿ.

ದಾಮೋದರ ಹೊರಗಿನ ಮೆಟ್ಟಿಲ ಕೆಳಗೆ, ಎಲ್ಲರಿಗಿಂತ ದೂರದಲ್ಲಿ ಒಬ್ಬರೇ ನಿಂತಿದ್ದರು. ಎರಡೂ ಕೈ ಖಾಲಿ. ಈ ಸಲ ಬಟ್ಟೆಯನ್ನೂ ಸುತ್ತಿರಲಿಲ್ಲ.

ನಾನು ಏನೂ ಯೋಚಿಸಲಾರದೆ, ಹಿಡಿದಿದ್ದ ಹೂವನ್ನು ದೂಮ ಪೂಜಾರಿಯ ತಟ್ಟೆಯ ಕಡೆ ಚಾಚಿದೆ.

"ಆ ಹೂವು ಒಳಗೆ ಕೊಡಬೇಡಿ ಅಮ್ಮ" ಎಂದರು ದಾಮೋದರ, ಮೆಲ್ಲಗೆ, ಮಕ್ಕಳಿಗೆ ತಿಳಿಹೇಳುವ ಹಾಗೆ. "ಅದು ನನ್ನ ತಂಗಿ ಕಟ್ಟಿದ್ದು. ಮಧ್ಯಾಹ್ನದಿಂದ ನಮಗೆ ಸೂತಕ ಉಂಟು."

ತಟ್ಟೆ ಹಿಂದೆ ಸರಿಯಿತು. ಜನರೆಲ್ಲ ನನ್ನ ಕೈಯನ್ನೇ ನೋಡುತ್ತಿದ್ದರು. ಆ ಹೂವನ್ನು ಎಲ್ಲಿಂದ ತಂದೆನೆಂದು ನಾನು ಪಡುದಕ್ಕೆಯಲ್ಲಿ ಒಬ್ಬರಿಗೂ ಹೇಳಿರಲಿಲ್ಲ.